ಕ್ಯಾಮ್ರಿ, ಸೂಪರ್ಬ್, ಅಕಾರ್ಡ್: ಮೂರು ದೊಡ್ಡ ಸೆಡಾನ್, ಮೂರು ಜಾತಿಯ ಗೇರ್‌ಬಾಕ್ಸ್

ಮನೆಮಂದಿಯೆಲ್ಲ ಆರಾಮವಾಗಿ ಕೂತು ಹೋಗುವ ದೊಡ್ಡ ಕಾರು ಬೇಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಆದರೆ ತಿಂಗಳಿಗೊಮ್ಮೆ ಗ್ಯಾರೇಜ್ ಬಾಗಿಲು ತಟ್ಟುವಂತಿರಬಾರದು. ಹೀಗೆ ಹುಡುಕುವವರ ಮುಂದೆ ಕೊನೆಗೆ ಉಳಿಯುವುದು ಹೆಚ್ಚಾಗಿ ಈ ಮೂರು: 2017ರಲ್ಲಿ ಬಂದ ಟೊಯೋಟಾ ಕ್ಯಾಮ್ರಿಯ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜತೆ ವಿದ್ಯುತ್ ಮೋಟಾರೂ ಇರುವುದು), 2015ರಲ್ಲಿ ಬಂದ ಮೂರನೇ ತಲೆಮಾರಿನ ಸ್ಕೋಡಾ ಸೂಪರ್ಬ್, 2017ರಲ್ಲಿ ಬಂದ ಹತ್ತನೇ ತಲೆಮಾರಿನ ಹೋಂಡಾ ಅಕಾರ್ಡ್. ಅಳತೆಯಲ್ಲಿ ಮೂರೂ ಒಡಹುಟ್ಟಿದವು. ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಕ್ರಮವಾಗಿ 2825, 2841, 2830 ಮಿ.ಮೀ. ಮೂರನ್ನೂ ಓಡಿಸಿ, ಕೆಳಗೆ ಬಗ್ಗಿ ನೋಡಿ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದ ಮೇಲೆ ಒಂದು ವಿಷಯ ಸ್ಪಷ್ಟ: ಕೊಂಡವರ ಜೇಬಿಗೆ ಕತ್ತರಿ ಬೀಳುವುದೋ ಇಲ್ಲವೋ ಎಂದು ಮೊದಲು ತೀರ್ಮಾನಿಸುವುದು ಗೇರ್‌ಬಾಕ್ಸ್. ಅದು ಮೂರರಲ್ಲೂ ಬೇರೆಬೇರೆ ಜಾತಿಯದು.

ಹಿಂದಿನ ಸೀಟಿನ ಸುಖಕ್ಕೆ ಸೂಪರ್ಬ್‌ಗೆ ಸಾಟಿಯಿಲ್ಲ. ಆರಡಿಯವರು ಮುಂದಿನ ಸೀಟನ್ನು ತಮಗೆ ಬೇಕಾದಷ್ಟು ಹಿಂದಕ್ಕೆ ತಳ್ಳಿ ಕೂತರೂ ಅಷ್ಟೇ ಎತ್ತರದ ಇನ್ನೊಬ್ಬರು ಹಿಂದೆ ಕಾಲ ಮೇಲೆ ಕಾಲು ಹಾಕಿ ಕೂರಬಹುದು. ಡಿಕ್ಕಿ 625 ಲೀಟರ್. ಹಿಂದಿನ ಗಾಜಿನ ಸಮೇತ ಮೇಲೇಳುವ ಬಾಗಿಲಾದ್ದರಿಂದ ಮಡಚಿದ ವೀಲ್‌ಚೇರ್ ಸಲೀಸಾಗಿ ಒಳಗೆ ಹೋಗುತ್ತದೆ. ಹೀಗಿದ್ದರೆ ಅದು ಸೆಡಾನೇ ಅಲ್ಲ ಎಂದು ವಾದಿಸುವವರಿದ್ದಾರೆ. ಸಾಮಾನು ತುಂಬುವಾಗ ಅವರೂ ಸುಮ್ಮನಾಗುತ್ತಾರೆ. ಕೊರತೆ ಒಂದೇ, ನಡುವೆ ನೆಲ ಎತ್ತರಕ್ಕೆ ಉಬ್ಬಿರುವುದರಿಂದ ಐದನೆಯವರಿಗೆ ಕಾಲಿಡಲು ಕಷ್ಟ.

ಕೊಳ್ಳುವಾಗ ಎಡವುವುದು ಡಿಎಸ್‌ಜಿ ಎಂಬ ಹೆಸರಿನಲ್ಲಿ. ಎರಡು ಕ್ಲಚ್‌ಗಳ ಈ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಬೇರೆಬೇರೆ ಬಗೆಗಳಿವೆ. 1.4 ಮತ್ತು 1.8 ಲೀಟರ್ ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್‌ಗಳ ಜತೆ ಸಾಮಾನ್ಯವಾಗಿ ಸಿಗುವುದು ಡಿಕ್ಯೂ200, ಏಳು ಗೇರಿನ ಡ್ರೈ ಕ್ಲಚ್, ಅಂದರೆ ಕ್ಲಚ್ ಆಯಿಲ್‌ನಲ್ಲಿ ಮುಳುಗಿರದ್ದು. ಇದು ತಡೆಯುವುದು 250 ಎನ್‌ಎಂ ಟಾರ್ಕ್ (ಎಂಜಿನ್ನಿನ ತಿರುಚುವ ಬಲ) ಅಷ್ಟೇ. ಮ್ಯಾನ್ಯುಯಲ್‌ನಲ್ಲಿ 320 ಎನ್‌ಎಂ ಕೊಡುವ 1.8 ಎಂಜಿನ್ನನ್ನು ಇದರ ಜತೆ 250ಕ್ಕೆ ಇಳಿಸಿರುವುದೇ ಆ ಕಾರಣಕ್ಕೆ. 2.0 ಲೀಟರ್ ಎಂಜಿನ್‌ಗಳಿಗೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ನ ಡಿಕ್ಯೂ250 ಅಥವಾ ಡಿಕ್ಯೂ381 ಇರುತ್ತದೆ. ಶಾಖ ಹೊರಹಾಕಲು ಆಯಿಲ್ ಇರುವುದರಿಂದ ದಟ್ಟ ಟ್ರಾಫಿಕ್‌ನಲ್ಲಿ ಇವು ಹೆಚ್ಚು ಬಾಳುತ್ತವೆ, ಆದರೆ ಆಯಿಲ್ ಬದಲಿಸಿದ್ದರೆ ಮಾತ್ರ. ಡಿಕ್ಯೂ250ಕ್ಕೆ ಪ್ರತಿ 60,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಲೇಬೇಕು. ಡಿಕ್ಯೂ381ಕ್ಕೂ ಅದೇ ಲೆಕ್ಕ ಹಿಡಿದರೆ ಕ್ಷೇಮ. ‘ಮಾಡಿಸಿದ್ದೇವೆ’ ಎಂಬ ಬಾಯಿಮಾತು ಸಾಲದು, ಬಿಲ್ ಕೇಳಿ.

ಡ್ರೈ ಕ್ಲಚ್ ಪರೀಕ್ಷಿಸಲು ಖಾಲಿ ಹೆದ್ದಾರಿಯ ಟೆಸ್ಟ್ ಡ್ರೈವ್ ಪ್ರಯೋಜನವಿಲ್ಲ. ಎಂಜಿನ್ ಬಿಸಿಯಾದ ಮೇಲೆ ಇಪ್ಪತ್ತು ನಿಮಿಷ ಟ್ರಾಫಿಕ್‌ನಲ್ಲಿ ತೆವಳಿಸಬೇಕು. ಹೊರಡುವಾಗ ನಡುಕ, ಎರಡರಿಂದ ಒಂದಕ್ಕೆ ಇಳಿಯುವಾಗ ಜರ್ಕ್ ಬಂದರೆ ಕ್ಲಚ್ ಮೇಲೆ ಅನುಮಾನ. ಎರಡು, ನಾಲ್ಕು, ಆರು ಮತ್ತು ರಿವರ್ಸ್ ಒಟ್ಟಿಗೆ ಕೈಕೊಟ್ಟರೆ ಆ ಗುಂಪನ್ನು ಹಿಡಿಯುವ ಎರಡನೇ ಕ್ಲಚ್ ಅಥವಾ ಅದನ್ನು ನಡೆಸುವ ಮೆಕಾಟ್ರಾನಿಕ್ (ಹೈಡ್ರಾಲಿಕ್ ಮತ್ತು ಎಲೆಕ್ಟ್ರಾನಿಕ್ ನಿಯಂತ್ರಣ) ಘಟಕದಲ್ಲಿ ದೋಷವಿದೆ ಎಂದರ್ಥ. ಇಂಥ ಕಾರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಸೂಪರ್ಬ್‌ನ 1.8, 2.0 ಟಿಎಸ್‌ಐ ಎಂಜಿನ್ ಗಟ್ಟಿಯೇ, ಆದರೆ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಒಂದೇ ಪ್ಲಾಸ್ಟಿಕ್ ಕವಚದಲ್ಲಿವೆ. ಬಿಸಿಯಾಗಿ ತಣ್ಣಗಾಗಿ ಪ್ಲಾಸ್ಟಿಕ್ ಸೊಟ್ಟಗಾದಾಗ ಕೂಲೆಂಟ್ ಜಿನುಗುತ್ತದೆ. ಟಾರ್ಚ್ ಹಿಡಿದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ನೋಡಿದರೆ ಗುಲಾಬಿ ಬಣ್ಣದ ಒಣ ಪುಡಿ ಕಾಣುತ್ತದೆ. ಬಿಸಿ ಎಂಜಿನ್ ಹತ್ತಿರ ಸಿಹಿ ವಾಸನೆಯೂ ಬರುತ್ತದೆ. ನೇರ ಇಂಜೆಕ್ಷನ್ (ಪೆಟ್ರೋಲನ್ನು ಸೀದಾ ಸಿಲಿಂಡರ್ ಒಳಗೆ ಚಿಮ್ಮಿಸುವುದು) ಮಾತ್ರ ಇರುವ ಆವೃತ್ತಿಗಳಲ್ಲಿ ಇನ್‌ಟೇಕ್ ವಾಲ್ವ್‌ಗಳ ಮೇಲೆ ಕಾರ್ಬನ್ ಕಟ್ಟುವುದೂ ಇದೆ. ಇವೆರಡನ್ನೂ ಮೊದಲೇ ಖರ್ಚಿನ ಲೆಕ್ಕಕ್ಕೆ ಸೇರಿಸಿಟ್ಟುಕೊಳ್ಳಿ.

ಕ್ಯಾಮ್ರಿ ಹೈಬ್ರಿಡ್‌ನಲ್ಲಿ ಕೆಡಬಹುದಾದ ಭಾಗಗಳೇ ಕಡಿಮೆ. ಸಿವಿಟಿ ಎಂದರೆ ಸಾಮಾನ್ಯವಾಗಿ ಹಂತಹಂತದ ಗೇರ್ ಬದಲು ಬೆಲ್ಟ್ ಇರುವ ಗೇರ್‌ಬಾಕ್ಸ್; ಟೊಯೋಟಾ ಇದರ ಗೇರ್‌ಬಾಕ್ಸನ್ನು ಇ-ಸಿವಿಟಿ ಎಂದು ಕರೆದರೂ ಒಳಗೆ ಬೆಲ್ಟ್ ಇಲ್ಲ, ಜಾರುವ ಕ್ಲಚ್ ಇಲ್ಲ; ಒಂದು ಪ್ಲಾನೆಟರಿ ಗೇರ್ ಜೋಡಣೆ ಮತ್ತು ಎರಡು ಮೋಟಾರ್. ಎಂಜಿನ್ ಮೇಲೂ ಬೆಲ್ಟ್ ಇಲ್ಲ: ಆಲ್ಟರ್ನೇಟರ್ ಮತ್ತು ಸ್ಟಾರ್ಟರ್ ಇಲ್ಲವೇ ಇಲ್ಲ, ವಾಟರ್ ಪಂಪ್ ಮತ್ತು ಎಸಿ ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುತ್ತವೆ. 2.5 ಲೀಟರ್ ಎಂಜಿನ್‌ಗೆ ಪೋರ್ಟ್ ಇಂಜೆಕ್ಷನ್ನೂ (ವಾಲ್ವ್‌ಗಿಂತ ಮೊದಲೇ ಚಿಮ್ಮಿಸುವುದು) ಉಂಟು, ನೇರ ಇಂಜೆಕ್ಷನ್ನೂ ಉಂಟು. ವಾಲ್ವ್ ಮೇಲೆ ಪೆಟ್ರೋಲ್ ಬೀಳುತ್ತಿರುವುದರಿಂದ ಕಾರ್ಬನ್ ಅಷ್ಟಾಗಿ ನಿಲ್ಲದು.

ಜೋಪಾನ ಮಾಡಬೇಕಾದ್ದು ಹೈಬ್ರಿಡ್ ಬ್ಯಾಟರಿಯನ್ನು. ಅದು ಹಿಂದಿನ ಸೀಟಿನ ಕೆಳಗಿದೆ, ತಣ್ಣಗಾಗುವುದು ಕ್ಯಾಬಿನ್ ಗಾಳಿಯಿಂದ. ಗಾಳಿ ಎಳೆಯುವ ಜಾಲರಿ ಸೀಟಿನ ಕೆಳಭಾಗದಲ್ಲೇ ಇರುವುದರಿಂದ ಧೂಳು, ನಾಯಿಯ ಕೂದಲು ಅಲ್ಲಿ ಕಟ್ಟಿಕೊಳ್ಳುತ್ತದೆ. ಚೀಲ, ಹೊದಿಕೆ ಅಡ್ಡ ಬಂದರೂ ಅಷ್ಟೇ: ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬಿಸಿಯಲ್ಲೇ ದುಡಿದು ಬೇಗ ಮುಪ್ಪಾಗುತ್ತದೆ. ಹಿಂದಿನ ಸೀಟಿನಲ್ಲಿ ಕೂತಾಗ ಫ್ಯಾನ್ ಸದ್ದು ಎದ್ದು ಕೇಳುತ್ತಿದ್ದರೆ ಮೊದಲು ಆ ಜಾಲರಿ, ಫಿಲ್ಟರ್ ಬಿಚ್ಚಿ ನೋಡಿ. ಸ್ಕ್ಯಾನರ್‌ನಲ್ಲಿ ಬ್ಯಾಟರಿಯ ಒಂದೊಂದು ಬ್ಲಾಕಿನ ವೋಲ್ಟೇಜ್ ಬರುತ್ತದೆ. ಏರು ಹತ್ತುವಾಗ ಯಾವಾಗಲೂ ಒಂದೇ ಬ್ಲಾಕ್ ಹಿಂದೆ ಬೀಳುತ್ತಿದ್ದರೆ ಬೆಲೆ ಇಳಿಸಲು ಅದೇ ಸಾಕ್ಷಿ. ಬ್ರೇಕ್ ಹಾಕಿದಾಗ ಬಹುಪಾಲು ಕೆಲಸ ಮೋಟಾರ್ ಮಾಡುವುದರಿಂದ ಪ್ಯಾಡ್ ಸವೆಯುವುದೇ ಇಲ್ಲವೆನ್ನಬಹುದು. ಹಾಗೆಂದು ಚಕ್ರ ಬಿಚ್ಚದೆ ಬಿಟ್ಟರೆ ಕ್ಯಾಲಿಪರ್ ಪಿನ್ ಹಿಡಿದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಪಿನ್ ತೆಗೆದು ಗ್ರೀಸ್ ಹಚ್ಚಬೇಕು.

ಓಡಿಸುವ ಖುಷಿ ಮಾತ್ರ ಇದರಲ್ಲಿ ಕಡಿಮೆ. ಏರಿನಲ್ಲಿ ಪೂರ್ತಿ ಒತ್ತಿದರೆ ಎಂಜಿನ್ ಒಂದೇ ಸಮ ಅರಚುತ್ತದೆ, ಕಾರಿನ ವೇಗ ಆಮೇಲೆ ಏರುತ್ತದೆ. ಹಿಂದೆ ಕೂತವರಿಗೆ ಸೂಪರ್ಬ್‌ನಷ್ಟು ಜಾಗವೂ ಸಿಗದು.

ಅಕಾರ್ಡ್ ಹೆಸರಿನಲ್ಲಿ ಎರಡು ಬೇರೆ ಕಾರುಗಳಿವೆ. 2.0 ಲೀಟರ್ ಹೈಬ್ರಿಡ್‌ನಲ್ಲಿ ಹೆಚ್ಚಿನ ಹೊತ್ತು ಚಕ್ರ ತಿರುಗಿಸುವುದು ಮೋಟಾರ್. ಹೆದ್ದಾರಿ ವೇಗದಲ್ಲಿ ಒಂದು ಕ್ಲಚ್ ಮೂಲಕ ಎಂಜಿನ್ ನೇರ ಜೋಡಣೆಯಾಗುತ್ತದೆ. ನಂಬಿಕೆಯಲ್ಲಿ ಇದು ಕ್ಯಾಮ್ರಿಯ ಹತ್ತಿರಕ್ಕೆ ಬರುತ್ತದೆ, ಸ್ಟಿಯರಿಂಗ್ ಅದಕ್ಕಿಂತ ಹಗುರ, ಚುರುಕು. 1.5 ಟರ್ಬೊದಲ್ಲಿ ಇರುವುದು ನಿಜವಾದ ಬೆಲ್ಟ್ ಸಿವಿಟಿ. ಅದಕ್ಕೆ ಹೋಂಡಾದ ಎಚ್‌ಸಿಎಫ್-2 ಬಿಟ್ಟು ಬೇರೆ ಆಯಿಲ್ ಹಾಕಬಾರದು, ಆಯಿಲ್ ಬದಲಿಸದೆ 50,000 ಕಿ.ಮೀ. ದಾಟಿಸಲೂಬಾರದು.

ದಿನಕ್ಕೆ ಮೂರು-ನಾಲ್ಕು ಕಿ.ಮೀ. ಮಾತ್ರ ಓಡಿಸುವವರಿಗೆ ಈ 1.5 ಟರ್ಬೊ ಹೇಳಿಸಿದ್ದಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದೆ, ಸಿಲಿಂಡರ್ ಗೋಡೆಗೆ ತಾಗಿದ ಪೆಟ್ರೋಲ್ ಕೆಳಗಿಳಿದು ಆಯಿಲ್‌ಗೆ ಬೆರೆಯುತ್ತದೆ. ಚಳಿಯ ಹವೆಯಲ್ಲಿ ಇದು ಇನ್ನೂ ಹೆಚ್ಚು. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದಾಗ ಮಟ್ಟ ಮೇಲಿನ ಗುರುತು ದಾಟಿದ್ದು, ಪೆಟ್ರೋಲ್ ವಾಸನೆ ಬಂದರೆ ಅದೇ ಕಥೆ. ಕೂಲೆಂಟ್ ಹೊರಗೆಲ್ಲೂ ಸೋರದೆ ಕಡಿಮೆಯಾಗುತ್ತಿದ್ದು, ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಒಂದು ಸಿಲಿಂಡರ್ ಮಿಸ್ ಹೊಡೆದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಪರೀಕ್ಷೆ ಮಾಡಿಸಿ. ಕೂಲೆಂಟ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟಾಗ ಬಣ್ಣ ಹಳದಿಗೆ ತಿರುಗಿದರೆ ಒಳಗೆ ಹೊಗೆ ನುಗ್ಗುತ್ತಿದೆ ಎಂದೇ ಅರ್ಥ. ಬೆಳಗಿನ ಆ ಮಿಸ್ ಕಾಣಬೇಕಾದರೆ ಎಂಜಿನ್ ತಣ್ಣಗಿರಬೇಕು; ಆದ್ದರಿಂದ ಮಾರುವವರು ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇವೆ ಎನ್ನಿ. ಬಾನೆಟ್ ಮುಟ್ಟಿ ನೋಡುವುದೇ ಮೊದಲ ಪರೀಕ್ಷೆ.

ಹತ್ತು ವರ್ಷ ಇಟ್ಟುಕೊಳ್ಳುವುದಾದರೆ ಕ್ಯಾಮ್ರಿ. ಅದು ಸಿಗದಿದ್ದರೆ ಅಕಾರ್ಡ್ ಹೈಬ್ರಿಡ್. ಹಿರಿಯರನ್ನು ಹಿಂದೆ ಕೂರಿಸಿಕೊಂಡು ಉದ್ದದ ಪ್ರಯಾಣ ಮಾಡುವವರು, ಬಿಲ್‌ಗಳೆಲ್ಲ ಸರಿಯಿರುವ 2.0 ಸೂಪರ್ಬ್ ಸಿಕ್ಕರೆ ಹಿಂದೆಮುಂದೆ ನೋಡಬೇಕಿಲ್ಲ. ಅದರ ಮೈಯೆತ್ತರ 1468 ಮಿ.ಮೀ., ಮಿಕ್ಕೆರಡು ಹೆಚ್ಚುಕಡಿಮೆ 1450. ಮಂಡಿನೋವಿರುವವರಿಗೆ ಹತ್ತಿಳಿಯುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ಚಕ್ರದ ಅಳತೆಯನ್ನೂ ಮರೆಯಬೇಡಿ. 215/55ರ 17 ಇಂಚಿನ ಟೈರಿನ ಪಕ್ಕದ ರಬ್ಬರಿನ ಎತ್ತರ 118 ಮಿ.ಮೀ., 235/45ರ 18 ಇಂಚಿನದು 106, ಅಕಾರ್ಡ್‌ನ 235/40ರ 19 ಇಂಚಿನದು ಬರೀ 94. ಕೆಟ್ಟ ರಸ್ತೆಯಲ್ಲಿ ಅಕಾರ್ಡ್ ಒರಟು ಎಂದು ದೂರುವವರು ಓಡಿಸಿದ್ದು ಎಷ್ಟೋ ಸಲ ಈ 19 ಇಂಚಿನದನ್ನೇ. ಸಣ್ಣ ರಿಮ್‌ಗೆ ಬದಲಿಸುವ ಮುನ್ನ ಅದು ಮುಂದಿನ ಬ್ರೇಕ್ ಕ್ಯಾಲಿಪರ್‌ಗೆ ತಾಗದೆ ಕೂರುತ್ತದೆಯೇ ಎಂದು ಒಂದು ಚಕ್ರ ಹಾಕಿ, ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ.