ದಟ್ಟಣೆ ಏರಿದಾಗ ಕೈಕೊಡುವ ನೆಟ್‌ವರ್ಕ್ ಕಾರ್ಡ್: ನಾಲ್ಕು ಪರಿಹಾರಗಳ ಹೋಲಿಕೆ

ಹಗಲೆಲ್ಲ ಸರಿಯಾಗಿ ಓಡುವ ಸರ್ವರ್ ರಾತ್ರಿ ಬ್ಯಾಕಪ್ ಆರಂಭವಾದ ಸ್ವಲ್ಪ ಹೊತ್ತಿಗೆ ಸಂಪರ್ಕಕ್ಕೇ ಸಿಗದಂತಾದರೆ ನಮ್ಮ ಅನುಮಾನ ಮೊದಲು ಮೆಮೊರಿಯ ಮೇಲೆ, ನಂತರ ಡಿಸ್ಕ್ ಮತ್ತು ಪವರ್ ಸಪ್ಲೈ ಮೇಲೆ ಹೋಗುತ್ತದೆ. ನೆಟ್‌ವರ್ಕ್ ಕಾರ್ಡಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ವರ್ಚುವಲ್ ಯಂತ್ರಗಳನ್ನು ನಡೆಸುವ ಒಂದು ಲಿನಕ್ಸ್ ಸರ್ವರಿನಲ್ಲಿ ಇದೇ ತೊಂದರೆ ಕಾಣಿಸಿಕೊಂಡಾಗ ನಾನು ನಾಲ್ಕು ಪರಿಹಾರಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಮದರ್‌ಬೋರ್ಡಿನ ಗಿಗಾಬಿಟ್ ಚಿಪ್ಪನ್ನೇ ಉಳಿಸಿಕೊಂಡು ಆಫ್‌ಲೋಡ್‌ಗಳನ್ನು (ಪ್ರೊಸೆಸರ್ ಬದಲು ಕಾರ್ಡೇ ಮಾಡುವ ಕೆಲಸಗಳನ್ನು) ನಿಲ್ಲಿಸುವುದು, ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯ ವಿದ್ಯುತ್ ಉಳಿತಾಯವನ್ನು ನಿಲ್ಲಿಸುವುದು, ಕರ್ನಲ್‌ನ (ಲಿನಕ್ಸಿನ ತಿರುಳು ಭಾಗದ) ಡ್ರೈವರ್ ಬಿಟ್ಟು ತಯಾರಕರ ಡ್ರೈವರ್ ಹಾಕುವುದು, ಕೊನೆಯದಾಗಿ ಸರ್ವರ್ ದರ್ಜೆಯ ಬೇರೊಂದು ಕಾರ್ಡನ್ನೇ ಕೂರಿಸುವುದು. ಕಾರ್ಡನ್ನು ವೇಗದಿಂದಲ್ಲ, ಅದು ಹೇಗೆ ಸೋಲುತ್ತದೆ ಮತ್ತು ಸೋತ ಮೇಲೆ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ಈ ಪರೀಕ್ಷೆಗಳಿಂದ ನನಗೆ ದೃಢವಾಗಿದೆ.

ಇಲ್ಲಿ ಕ್ರ್ಯಾಶ್ ಎಂದು ನಾವು ಕರೆಯುವುದು ಹೆಚ್ಚಿನ ಸಲ ನಿಜವಾದ ಕ್ರ್ಯಾಶ್ ಆಗಿರುವುದಿಲ್ಲ. ಕಾರ್ಡಿಗೆ ಕೊಟ್ಟ ಪ್ಯಾಕೆಟ್‌ಗಳು ಕೆಲವು ಸೆಕೆಂಡು ಕಳೆದರೂ ಹೊರಗೆ ಹೋಗದಿದ್ದರೆ ಲಿನಕ್ಸ್ ಕರ್ನಲ್‌ನ ನೆಟ್‌ಡೆವ್ ವಾಚ್‌ಡಾಗ್ ಅದನ್ನು ಗಮನಿಸಿ ಲಾಗ್‌ನಲ್ಲಿ ಎಚ್ಚರಿಕೆ ಬರೆಯುತ್ತದೆ ಮತ್ತು ಕಾರ್ಡನ್ನು ರೀಸೆಟ್ ಮಾಡುವಂತೆ ಡ್ರೈವರಿಗೆ ಹೇಳುತ್ತದೆ. ರೀಸೆಟ್ ಫಲಿಸಿದರೆ ಸಂಪರ್ಕ ಕ್ಷಣಕಾಲ ತಡವರಿಸಿ ಮರಳುತ್ತದೆ. ಫಲಿಸದಿದ್ದರೆ ಯಂತ್ರ ಜೀವಂತವಾಗಿದ್ದರೂ ಹೊರಗಿನವರ ಪಾಲಿಗೆ ಸತ್ತಂತೆಯೇ. ಎನ್‌ಎಫ್‌ಎಸ್ ಮೂಲಕ ದೂರದ ಸಂಗ್ರಹವನ್ನು ಬಳಸುತ್ತಿದ್ದರೆ ಆ ಕಡತಗಳಿಗಾಗಿ ಕಾಯುವ ಪ್ರೋಸೆಸ್‌ಗಳೆಲ್ಲ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತವೆ, ಲೋಡ್ ಸರಾಸರಿ ಏರುತ್ತಲೇ ಹೋಗುತ್ತದೆ, 120 ಸೆಕೆಂಡಿಗಿಂತ ಹೆಚ್ಚು ಕಾಲ ತಡೆಹಿಡಿಯಲ್ಪಟ್ಟ ಟಾಸ್ಕ್‌ಗಳ ಬಗ್ಗೆ ಸಂದೇಶಗಳು ಕನ್ಸೋಲಿನಲ್ಲಿ ಸಾಲುಗಟ್ಟುತ್ತವೆ. ಕ್ಲಸ್ಟರಿನ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿನ) ಹೃದಯಬಡಿತವೂ, ಅಂದರೆ ತಾವು ಜೀವಂತವೆಂದು ಅವು ಪರಸ್ಪರ ಕಳಿಸುವ ಸಂಕೇತವೂ, ಅದೇ ಕಾರ್ಡಿನ ಮೇಲಿದ್ದರೆ ನೋಡ್ (ಗುಂಪಿನ ಆ ಯಂತ್ರ) ತನ್ನ ಕೋರಂ, ಅಂದರೆ ಬಹುಮತದ ಬೆಂಬಲ, ಕಳೆದುಕೊಂಡು ಕ್ಲಸ್ಟರಿನದೇ ಬೇರೊಂದು ವಾಚ್‌ಡಾಗ್ ಮೂಲಕ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳಬಹುದು. ಆಗ ನೆಟ್‌ವರ್ಕ್ ದೋಷವು ಪವರ್ ಸಪ್ಲೈ ದೋಷದಂತೆ ಕಾಣುತ್ತದೆ ಮತ್ತು ಹುಡುಕಾಟ ದಿಕ್ಕು ತಪ್ಪುತ್ತದೆ.

ಪರೀಕ್ಷೆಗೆ ಎರಡು ಯಂತ್ರಗಳನ್ನು ನೇರ ಕೇಬಲಿನಿಂದ ಜೋಡಿಸಿ, ಐಪರ್ಫ್3 ಉಪಕರಣದಿಂದ ಎರಡೂ ದಿಕ್ಕಿನಲ್ಲಿ ಒಟ್ಟಿಗೇ ದಟ್ಟಣೆ ಹರಿಸಿದೆ. ಬರೀ ದೊಡ್ಡ ಕಡತ ಕಳಿಸಿ ನೋಡಿದರೆ ಸಾಲದು. ಗಿಗಾಬಿಟ್ ಕೊಂಡಿಯಲ್ಲಿ 1500 ಬೈಟ್‌ಗಳ ಪ್ಯಾಕೆಟ್‌ಗಳು ಸೆಕೆಂಡಿಗೆ ಸುಮಾರು 81 ಸಾವಿರ ಮಾತ್ರ ಹಿಡಿಸುತ್ತವೆ. ಅದೇ ಕೊಂಡಿಯಲ್ಲಿ 64 ಬೈಟ್‌ಗಳ ಪುಟ್ಟ ಫ್ರೇಮ್‌ಗಳಾದರೆ ಆ ಸಂಖ್ಯೆ 14.88 ಲಕ್ಷಕ್ಕೆ ಏರುತ್ತದೆ, ಪ್ಯಾಕೆಟ್‌ಗಳು ಸರದಿ ಕಾಯುವ ಜಾಗವಾದ ಕಾರ್ಡಿನ ರಿಂಗ್ ಬಫರ್ ತುಂಬುವುದು ಆಗಲೇ. ಹೀಗಾಗಿ ಟಿಸಿಪಿ ಹರಿವಿನ ಜೊತೆಗೆ ಪುಟ್ಟ ಯುಡಿಪಿ ಪ್ಯಾಕೆಟ್‌ಗಳನ್ನೂ ಬೆರೆಸಿದೆ. ಲಾಗ್‌ಗಳನ್ನು ಸೀರಿಯಲ್ ಕೇಬಲಿನ ಮೂಲಕ ಬೇರೆ ಯಂತ್ರಕ್ಕೆ ಹರಿಸಿದೆ, ಏಕೆಂದರೆ ನೆಟ್‌ವರ್ಕ್ ಮೂಲಕ ಲಾಗ್ ಕಳಿಸುವ ವ್ಯವಸ್ಥೆ ನೆಟ್‌ವರ್ಕ್ ಕಾರ್ಡ್ ಸಾಯುವ ಗಳಿಗೆಯಲ್ಲೇ ಮೂಕವಾಗುತ್ತದೆ.

ಮೊದಲನೆಯ ದಾರಿಯೇ ಅತಿ ಅಗ್ಗದ್ದು. ಟಿಎಸ್‌ಒ ಎಂಬ ಸೌಲಭ್ಯ ಚಾಲ್ತಿಯಲ್ಲಿದ್ದಾಗ ಕರ್ನಲ್ 64 ಕಿಲೋಬೈಟ್‌ವರೆಗಿನ ದೊಡ್ಡ ತುಂಡನ್ನು ಕಾರ್ಡಿಗೆ ಒಪ್ಪಿಸುತ್ತದೆ, ಅದನ್ನು ಸಣ್ಣ ಪ್ಯಾಕೆಟ್‌ಗಳಾಗಿ ಕತ್ತರಿಸುವ ಹೊಣೆ ಕಾರ್ಡಿನದು. ಡೆಸ್ಕ್‌ಟಾಪ್ ದರ್ಜೆಯ ಹಲವು ಚಿಪ್‌ಗಳು ಎಡವುವುದು ಈ ಕತ್ತರಿಸುವ ಕೆಲಸದಲ್ಲೇ. ಕಾರ್ಡಿನ ಹೊಂದಿಕೆಗಳನ್ನು ಬದಲಿಸುವ ಇಥ್‌ಟೂಲ್ ಬಳಸಿ ಟಿಎಸ್‌ಒ ಮತ್ತು ಜಿಎಸ್‌ಒ (ಅದೇ ಬಗೆಯ ಕತ್ತರಿಸುವಿಕೆಯ ಸಾಫ್ಟ್‌ವೇರ್ ರೂಪ) ಎರಡನ್ನೂ ನಿಲ್ಲಿಸಿದ ಮೇಲೆ ಬ್ಯಾಕಪ್ ವೇಳೆಯ ಸ್ಥಗಿತ ನಿಂತೇಹೋಯಿತು. ಸಿಪಿಯು ಬಳಕೆ ತುಸು ಏರಿತು, ಆದರೆ ವೇಗ ಮೊದಲಿನಂತೆಯೇ 940 ಮೆಗಾಬಿಟ್ ಆಸುಪಾಸಿನಲ್ಲಿ ಉಳಿಯಿತು. ಗಿಗಾಬಿಟ್ ಮಟ್ಟದಲ್ಲಿ ಇಂದಿನ ಪ್ರೊಸೆಸರ್‌ಗಳಿಗೆ ಆ ಕೆಲಸ ಹೊರೆಯೇ ಅಲ್ಲ. ಈ ಬದಲಾವಣೆ ರೀಬೂಟ್ ಆದಾಗ ಅಳಿಸಿಹೋಗುವುದರಿಂದ ಇಂಟರ್‌ಫೇಸ್ ಸಂರಚನೆಯಲ್ಲೇ ಅದನ್ನು ಬರೆದಿಡಬೇಕು. ಇಷ್ಟಾದರೂ ಪುಟ್ಟ ಪ್ಯಾಕೆಟ್‌ಗಳ ಪರೀಕ್ಷೆಯಲ್ಲಿ ಅದೇ ಚಿಪ್ ಒಂದೇ ಸಾಲಿನಲ್ಲಿ (ಪ್ಯಾಕೆಟ್‌ಗಳ ಸರದಿಯಲ್ಲಿ), ಪ್ರೊಸೆಸರಿನ ಒಂದೇ ಕೋರಿನ ಮೇಲೆ ಎಲ್ಲ ಇಂಟರಪ್ಟ್‌ಗಳನ್ನೂ (ಗಮನ ಸೆಳೆಯುವ ಸಂಕೇತಗಳನ್ನೂ) ಹೇರಿ ಏದುಸಿರು ಬಿಟ್ಟಿತು.

ಎರಡನೆಯ ದಾರಿ ಬೇರೆ ಬಗೆಯ ರೋಗಕ್ಕೆ ಮದ್ದು. ದಟ್ಟಣೆ ಸತತವಾಗಿದ್ದಾಗ ಅಲ್ಲ, ಬಹಳ ಹೊತ್ತು ಸುಮ್ಮನಿದ್ದು ಇದ್ದಕ್ಕಿದ್ದಂತೆ ಏರಿದಾಗ ಕಾರ್ಡ್ ಕಣ್ಮರೆಯಾಗುತ್ತಿದ್ದರೆ ಎಎಸ್‌ಪಿಎಂ ಎಂಬ ವಿದ್ಯುತ್ ಉಳಿತಾಯದ ಮೇಲೆ ಕಣ್ಣಿಡಬೇಕು. ನಿದ್ರಿಸುತ್ತಿರುವ ಕೊಂಡಿ ಎಚ್ಚರಗೊಳ್ಳುವಾಗ ದೋಷವಿರುವ ಚಿಪ್ ಸಿಕ್ಕಿಬೀಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಎಎಸ್‌ಪಿಎಂ ಆಫ್ ಎಂದು ಕರ್ನಲ್‌ಗೆ ಬೂಟ್ ಸೂಚನೆ ಕೊಟ್ಟರೆ, ಬಯಾಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಮಾಡಿಟ್ಟ ಹೊಂದಿಕೆಯನ್ನು ಕರ್ನಲ್ ಮುಟ್ಟದೆ ಬಿಡುತ್ತದೆಯೇ ಹೊರತು ಬಯಾಸ್ ಈಗಾಗಲೇ ಚಾಲೂ ಮಾಡಿರುವುದನ್ನು ನಿಲ್ಲಿಸುವುದಿಲ್ಲ. ಆದ್ದರಿಂದ ಬಯಾಸ್‌ನಲ್ಲೇ ಅದನ್ನು ನಿಲ್ಲಿಸಿದೆ. ನನ್ನ ಯಂತ್ರದ ಮುಖ್ಯ ತೊಂದರೆಗೆ ಇದರಿಂದ ಹೆಚ್ಚೇನೂ ಉಪಯೋಗವಾಗಲಿಲ್ಲ, ಆದರೂ ಸರ್ವರಿನಲ್ಲಿ ಈ ಉಳಿತಾಯ ಬೇಡವೆಂದೇ ನನ್ನ ಅಭಿಪ್ರಾಯ.

ತಯಾರಕರ ಡ್ರೈವರ್ ದಟ್ಟಣೆಯ ಪರೀಕ್ಷೆಗಳಲ್ಲಿ ಕರ್ನಲ್‌ನದಕ್ಕಿಂತ ಸ್ಥಿರವಾಗಿಯೇ ನಡೆಯಿತು. ಆದರೂ ನಾನು ಅದನ್ನು ಶಿಫಾರಸು ಮಾಡಲಾರೆ. ಅದು ಕರ್ನಲ್‌ನ ಹೊರಗಿರುವುದರಿಂದ ಪ್ರತಿ ಕರ್ನಲ್ ಅಪ್‌ಡೇಟ್ ಜೊತೆಗೆ ಡಿಕೆಎಂಎಸ್ ಎಂಬ ಸಾಧನದ ಮೂಲಕ ಮತ್ತೆ ಕಟ್ಟಲ್ಪಡಬೇಕು. ಆ ಕಟ್ಟುವಿಕೆ ವಿಫಲವಾದರೆ ಯಂತ್ರ ನೆಟ್‌ವರ್ಕ್ ಇಲ್ಲದೆ ಮೇಲೇಳುತ್ತದೆ, ಯಾರಾದರೂ ಅದರ ಮುಂದೆ ಹೋಗಿ ಕೂರಲೇಬೇಕಾಗುತ್ತದೆ. ಬೇರೆ ಊರಿನ ಡೇಟಾ ಸೆಂಟರಿನಲ್ಲಿರುವ ಯಂತ್ರಕ್ಕೆ ಈ ಅಪಾಯ ಮೂಲ ದೋಷಕ್ಕಿಂತ ದೊಡ್ಡದು.

ನಾಲ್ಕನೆಯದಾಗಿ ಇಂಟೆಲ್ ಐ350 ಚಿಪ್ ಇರುವ ನಾಲ್ಕು ಪೋರ್ಟ್‌ಗಳ ಕಾರ್ಡ್ ಹಾಕಿದೆ. ಪ್ರತಿ ಪೋರ್ಟಿಗೂ ಎಂಟು ಸಾಲುಗಳಿರುವುದರಿಂದ ಇಂಟರಪ್ಟ್‌ಗಳ ಹೊರೆ ಹಲವು ಕೋರ್‌ಗಳಿಗೆ ಹಂಚಿಹೋಗುತ್ತದೆ. ರಿಂಗ್ ಬಫರನ್ನು ಪೂರ್ವನಿಯೋಜಿತ 256ರಿಂದ 4096ರವರೆಗೆ ಏರಿಸಬಹುದು. ಪುಟ್ಟ ಪ್ಯಾಕೆಟ್‌ಗಳ ಮಳೆಯಲ್ಲಿ ಈ ಕಾರ್ಡ್ ಕೆಲವನ್ನು ಕೈಬಿಟ್ಟಿತು, ಅವುಗಳ ಲೆಕ್ಕವನ್ನೂ ಇಥ್‌ಟೂಲ್ ಅಂಕಿಅಂಶಗಳಲ್ಲಿ ಪ್ರಾಮಾಣಿಕವಾಗಿ ತೋರಿಸಿತು, ಆದರೆ ಒಮ್ಮೆಯೂ ಸ್ಥಗಿತಗೊಳ್ಳಲಿಲ್ಲ. ನಾನು ಬಯಸುವ ಸೋಲಿನ ರೀತಿ ಇದು. ಟಿಎಸ್‌ಒ ನಿಲ್ಲಿಸುವ ಅಗತ್ಯವೂ ಬೀಳಲಿಲ್ಲ. ಕೊಳ್ಳುವಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಈ ಕಾರ್ಡಿನ ನಕಲಿಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ.

ಹೆಸರಾಂತ ಚಿಪ್ ಎಂಬುದೊಂದೇ ಭರವಸೆಯಲ್ಲ ಎಂಬುದಕ್ಕೆ 2013ರ ಪ್ರಕರಣ ಸಾಕ್ಷಿ. ಇಂಟೆಲ್ 82574ಎಲ್ ಚಿಪ್ ಇದ್ದ ಕೆಲವು ಬೋರ್ಡ್‌ಗಳಲ್ಲಿ, ಪ್ಯಾಕೆಟ್ಟಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ಒಂದು ನಿರ್ದಿಷ್ಟ ಬೈಟ್ ಇದ್ದರೆ ಸಾಕು, ಕಾರ್ಡ್ ಸತ್ತುಬೀಳುತ್ತಿತ್ತು. ರೀಬೂಟ್ ಮಾಡಿದರೂ ಏಳದೆ, ವಿದ್ಯುತ್ತನ್ನೇ ತೆಗೆದು ಹಾಕಬೇಕಾಗುತ್ತಿತ್ತು. ಇಂಟರ್ನೆಟ್ ಫೋನ್ ಉಪಕರಣಗಳ ಮೇಲೆ ಕೆಲಸ ಮಾಡುತ್ತಿದ್ದ ಕ್ರಿಸ್ಟಿಯನ್ ಕೀಲ್‌ಹಾಫ್ನರ್ ಅದನ್ನು ಪತ್ತೆಹಚ್ಚಿದರು. ಒಬ್ಬ ಬೋರ್ಡ್ ತಯಾರಕರು ಇಇಪ್ರಾಮ್‌ನಲ್ಲಿ (ಚಿಪ್ಪಿನ ಹೊಂದಿಕೆಗಳನ್ನಿಡುವ ಪುಟ್ಟ ಮೆಮೊರಿಯಲ್ಲಿ) ತಪ್ಪಾದ ದತ್ತಾಂಶ ತುಂಬಿದ್ದೇ ಕಾರಣವೆಂದು ಇಂಟೆಲ್ ತಿಳಿಸಿತು. ಅಂದರೆ ಚಿಪ್, ಅದರ ಫರ್ಮ್‌ವೇರ್, ಬೋರ್ಡ್ ಮತ್ತು ಡ್ರೈವರ್ ನಾಲ್ಕನ್ನೂ ಒಟ್ಟಿಗೇ ಪರೀಕ್ಷಿಸಬೇಕು.

ನಾಲ್ಕೂ ದಾರಿಗಳಿಗೆ ಅನ್ವಯಿಸುವ ಇನ್ನೊಂದು ಹೊಂದಿಕೆ ಫ್ಲೋ ಕಂಟ್ರೋಲ್, ಅಂದರೆ ದಟ್ಟಣೆ ಹೆಚ್ಚಾದಾಗ ಕಳಿಸುವವರನ್ನು ತುಸು ತಡೆಯುವ ವ್ಯವಸ್ಥೆ. ಕರ್ನಲ್ ನಿಜವಾಗಿಯೇ ಸತ್ತರೆ ರಿಂಗ್ ಬಫರ್ ಖಾಲಿ ಮಾಡುವವರಿಲ್ಲದೆ ಕಾರ್ಡ್ ಸ್ವಿಚ್ಚಿಗೆ ಪಾಝ್ ಫ್ರೇಮ್‌ಗಳನ್ನು (ತುಸು ನಿಲ್ಲು ಎಂಬ ಸಂದೇಶಗಳನ್ನು) ಸತತವಾಗಿ ಕಳಿಸುತ್ತಲೇ ಇರಬಹುದು. ಕೆಲವು ಅಗ್ಗದ ಸ್ವಿಚ್‌ಗಳಲ್ಲಿ ಅದರಿಂದ ಉಳಿದ ಪೋರ್ಟ್‌ಗಳೂ ಹೆಪ್ಪುಗಟ್ಟಿ, ಒಂದು ಯಂತ್ರದ ಸಾವು ಇಡೀ ಕಚೇರಿಯ ನೆಟ್‌ವರ್ಕನ್ನೇ ಕೆಡವುತ್ತದೆ. ಕೇಬಲ್ ಕಿತ್ತ ತಕ್ಷಣ ಎಲ್ಲವೂ ಸರಿಹೋದರೆ ಇದೇ ಕಾರಣ ಎಂದು ಬಲವಾಗಿ ಶಂಕಿಸಬಹುದು. ನಾನು ಫ್ಲೋ ಕಂಟ್ರೋಲನ್ನು ಎಲ್ಲ ಇಂಟರ್‌ಫೇಸ್‌ಗಳಲ್ಲೂ ನಿಲ್ಲಿಸಿದ್ದೇನೆ.

ಹಣ ಖರ್ಚು ಮಾಡಲಾಗದವರು ಇಂದೇ ಆಫ್‌ಲೋಡ್ ನಿಲ್ಲಿಸಲಿ, ವರ್ಚುವಲ್ ಯಂತ್ರಗಳನ್ನು ನಡೆಸುವವರು ಬೇರೆ ಕಾರ್ಡಿಗೆ ಹಣ ಹಾಕಲಿ. ನನ್ನ ಸರ್ವರಿನಲ್ಲಿ ಬ್ಯಾಕಪ್ ಮತ್ತು ವರ್ಚುವಲ್ ಯಂತ್ರಗಳ ದಟ್ಟಣೆಯೆಲ್ಲ ಈಗ ಐ350 ಮೇಲಿದೆ. ಬೋರ್ಡಿನ ಚಿಪ್ಪನ್ನು ಕರ್ನಲ್‌ನ ಡ್ರೈವರಿನೊಂದಿಗೇ, ಟಿಎಸ್‌ಒ ಇಲ್ಲದೆ, ಕ್ಲಸ್ಟರಿನ ಹೃದಯಬಡಿತಕ್ಕೆ ಮಾತ್ರ ಮೀಸಲಿಟ್ಟಿದ್ದೇನೆ. ಅಷ್ಟು ಹಗುರವಾದ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.