ದಾಂಡೇಲಿಯೋ, ಶಿರಸಿಯೋ? ಘಟ್ಟದ ಮೇಲೆ ಎಲ್ಲಿ ಉಳಿಯೋದು

ಉತ್ತರ ಕನ್ನಡ ಅಂದರೆ ಜನ ನೇರ ಗೋಕರ್ಣ, ಮುರ್ಡೇಶ್ವರಕ್ಕೆ ಇಳಿದುಬಿಡುತ್ತಾರೆ. ಆದರೆ ಜಿಲ್ಲೆಯ ಬಹುಪಾಲು ಕಾಡು. ಅದನ್ನು ನೋಡಬೇಕು ಅಂದರೆ ಘಟ್ಟದ ಮೇಲೇ ಉಳಿಯಬೇಕು. ನಾನು ದಾಂಡೇಲಿಯಲ್ಲೂ ಉಳಿದಿದ್ದೇನೆ, ಶಿರಸಿಯಲ್ಲೂ ಉಳಿದಿದ್ದೇನೆ. ನನ್ನ ಓಟು ಶಿರಸಿಗೆ.

ಹಾಗಂತ ದಾಂಡೇಲಿ ಕಡಿಮೆಯದಲ್ಲ. ಗೆಳೆಯರ ಗುಂಪು ಹೊರಟಿದ್ದರೆ ಅಲ್ಲಿಗೇ ಹೋಗಿ. ಗಣೇಶಗುಡಿಯಲ್ಲಿ ಕಾಳಿ ಹೊಳೆಯ ರಾಫ್ಟಿಂಗ್ ಚೆನ್ನಾಗಿದೆ, ಆದರೆ ಮೇಲಿನ ಸೂಪಾ ಅಣೆಕಟ್ಟಿನಿಂದ ಕರೆಂಟಿಗಾಗಿ ನೀರು ಬಿಟ್ಟಾಗಲೇ ಹೊಳೆಗೆ ಸೆಳೆತ ಬರೋದು, ಅದಕ್ಕೇ ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿ. ಸಫಾರಿಯಲ್ಲಿ ಹುಲಿ ಸಿಗುತ್ತದೆ ಅಂತ ಕಾಯಬೇಡಿ, ಕಾಡು ಅಷ್ಟು ದಟ್ಟ. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನೋಡಿ. ನಾಲ್ಕು ಜಾತಿಯವು ಇವೆ, ದೊಡ್ಡ ಮಂಗಟ್ಟೆ ತಲೆ ಮೇಲೆ ಹಾರಿದರೆ ರೆಕ್ಕೆ ಸದ್ದೇ ಮೊದಲು ಕೇಳಿಸುತ್ತದೆ. ನನಗೆ ಆಗದೇ ಇದ್ದದ್ದು ರೆಸಾರ್ಟಿನ ಪ್ಯಾಕೇಜು: ಇಷ್ಟು ಗಂಟೆಗೆ ಏಳಿ, ಇಷ್ಟು ಗಂಟೆಗೆ ದೋಣಿ, ರಾತ್ರಿ ಡಿಜೆ. ಕಾಡಿಗೆ ಬಂದು ಡಿಜೆ ಯಾಕೆ ಹೇಳಿ?

ಶಿರಸಿಯಲ್ಲಿ ನಿಮ್ಮನ್ನು ರಂಜಿಸುವ ಹೊಣೆ ಯಾರೂ ಹೊತ್ತುಕೊಳ್ಳುವುದಿಲ್ಲ. ಗಾಡಿ ನಿಮ್ಮದೇ ಇರಬೇಕು, ಹಳ್ಳಿ ಕಡೆ ಬಸ್ಸು ಕಡಿಮೆ. ಯಾಣದಲ್ಲಿ ಅಡಿಕೆ ತೋಟ, ಕಾಡು ದಾಟಿ ನಡೆದರೆ ಎದುರಿಗೇ ಕರಿ ಬಂಡೆ, ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಪಕ್ಕದ ಮೋಹಿನಿ ಶಿಖರ 90. ಬಂಡೆಯ ಸೀಳಿನೊಳಗೆ ಹೊಕ್ಕು ಸುತ್ತಬಹುದು, ಮಧ್ಯಾಹ್ನವೂ ತಣ್ಣಗಿರುತ್ತದೆ. ಅಘನಾಶಿನಿ ಧುಮುಕುವ ಉಂಚಳ್ಳಿ ಜಲಪಾತ 116 ಮೀಟರ್, ಜೋರು ಮಳೆಯಲ್ಲಿ ಹೋದರೆ ಮಂಜು ಬಿಟ್ಟು ಬೇರೇನೂ ಕಾಣದೇ ಇರಬಹುದು. ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಲಿಂಗ ಕೆತ್ತಿರುವ ಸಹಸ್ರಲಿಂಗಕ್ಕಂತೂ ನೀರು ಇಳಿದಿರಲೇಬೇಕು, ಇಲ್ಲದಿದ್ದರೆ ಲಿಂಗಗಳೆಲ್ಲ ಮುಳುಗಿರುತ್ತವೆ. ಊಟ? ಹವ್ಯಕ ಬ್ರಾಹ್ಮಣರ ಮನೆಯ ಹೋಂಸ್ಟೇ ಹಿಡಿಯಿರಿ. ತಂಬುಳಿ, ಮಾವಿನಕಾಯಿಯ ಅಪ್ಪೆಹುಳಿ, ಅದೃಷ್ಟ ಇದ್ದರೆ ಕಬ್ಬಿನ ಹಾಲಿನ ತೆಳ್ಳನೆ ಸಿಹಿ ತೊಡೆದೇವು. ದಾಂಡೇಲಿಯ ಬಫೆ ಇದರ ಹತ್ತಿರಕ್ಕೂ ಬರಲ್ಲ. ಮಾಂಸ ಬೇಕೇ ಬೇಕು ಅನ್ನುವವರಿಗೆ ಮಾತ್ರ ಇಲ್ಲಿ ಸ್ವಲ್ಪ ಕಷ್ಟ.

ಮಳೆಗಾಲದಲ್ಲಿ ಎರಡೂ ಕಡೆ ಉಂಬಳ (ಜಿಗಣೆ) ಹತ್ತುತ್ತವೆ, ರಾಫ್ಟಿಂಗೂ ನಿಲ್ಲುತ್ತದೆ. ನವೆಂಬರ್ ಒಳ್ಳೆಯದು, ಜಲಪಾತದಲ್ಲಿ ನೀರೂ ಇರುತ್ತದೆ, ದಾರಿಯೂ ಒಣಗಿರುತ್ತದೆ. ರಜೆ ಜಾಸ್ತಿ ಇದ್ದರೆ ದಾಂಡೇಲಿ ಮೊದಲು ಮುಗಿಸಿ, ಯಲ್ಲಾಪುರದ ಮೇಲೆ ಶಿರಸಿಗೆ ಬನ್ನಿ, ದಾರಿಯಲ್ಲಿ ಮಾಗೋಡು ಜಲಪಾತ ಸಿಗುತ್ತದೆ, ಸಂಜೆ ಹೊತ್ತಾದರೆ ಹತ್ತಿರದ ಜೇನುಕಲ್ಲು ಗುಡ್ಡವನ್ನು ಬಿಡಬೇಡಿ.