ಒಬ್ಬನೇ ಚಕ್ರವರ್ತಿ, ಎರಡು ಧಾರಾವಾಹಿ: ಯಾನ್‌ಷಿ ನೋಡಬೇಕೋ, ರೂಯಿ ನೋಡಬೇಕೋ?

ಚೀನೀ ಅರಮನೆ ಧಾರಾವಾಹಿಗಳಲ್ಲಿ ಯಾವುದರಿಂದ ಶುರು ಮಾಡಲಿ ಎಂದು ಕೇಳುವವರಿಗೆಲ್ಲ ನಾನು ಎರಡು ಹೆಸರು ಹೇಳುತ್ತೇನೆ: 'ಸ್ಟೋರಿ ಆಫ್ ಯಾನ್‌ಷಿ ಪ್ಯಾಲೆಸ್' ಮತ್ತು 'ರೂಯಿಸ್ ರಾಯಲ್ ಲವ್ ಇನ್ ದ ಪ್ಯಾಲೆಸ್'. ಮೊದಲನೆಯದು 2018ರ ಜುಲೈನಲ್ಲಿ ಶುರುವಾಯಿತು. ಅದಿನ್ನೂ ಮುಗಿದಿರಲಿಲ್ಲ, ಆಗಸ್ಟ್‌ನಲ್ಲಿ ಎರಡನೆಯದೂ ಬಂತು. ಎರಡೂ ಚಿಂಗ್ ವಂಶದ ಚಿಯಾನ್‌ಲಾಂಗ್ ಚಕ್ರವರ್ತಿಯ ಅಂತಃಪುರದ ಕಥೆ. ಯಾನ್‌ಷಿ 70 ಕಂತು, ರೂಯಿ 87. ಇಂಗ್ಲಿಷ್ ಸಬ್‌ಟೈಟಲ್ ಓದುತ್ತ ಎರಡನ್ನೂ ಕೊನೆಯವರೆಗೆ ನೋಡಿದ್ದೇನೆ. ಸ್ವಾರಸ್ಯವೆಂದರೆ ಒಂದರ ನಾಯಕಿಯೇ ಇನ್ನೊಂದರ ಖಳನಾಯಕಿ.

ಇತಿಹಾಸದ ಮೂವರು ಹೆಂಗಸರನ್ನು ಮೊದಲು ಗುರುತಿಟ್ಟುಕೊಳ್ಳಿ. ಫೂಚಾ ಚಕ್ರವರ್ತಿಯ ಮೊದಲ ಪಟ್ಟದರಸಿ. ಚಕ್ರವರ್ತಿಯ ಜೊತೆ ಪ್ರವಾಸ ಹೋದಾಗ, 1748ರಲ್ಲಿ, ದಾರಿಯಲ್ಲೇ ತೀರಿಕೊಂಡಳು. 1750ರಲ್ಲಿ ಆ ಸ್ಥಾನಕ್ಕೆ ಬಂದವಳು ನಾರಾ. 1765ರಲ್ಲಿ ದಕ್ಷಿಣ ಪ್ರವಾಸದ ವೇಳೆ ಅವಳು ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಚಿಂಗ್ ಅರಸರ ಜನಾಂಗವಾದ ಮಾಂಚು ಹೆಂಗಸರು ಕೂದಲು ಕತ್ತರಿಸುತ್ತಿದ್ದುದು ಸಾವಿನ ಸೂತಕದಲ್ಲಿ. ಚಕ್ರವರ್ತಿ ಬದುಕಿರುವಾಗಲೇ ಪಟ್ಟದರಸಿ ಹಾಗೆ ಮಾಡುವುದೆಂದರೆ ಅವನಿಗೆ ಸಾವು ಕೋರಿದಂತೆ. ಮರುವರ್ಷ ಅವಳು ಸತ್ತಾಗ ಪಟ್ಟದರಸಿಯ ಮರ್ಯಾದೆ ಸಿಗಲಿಲ್ಲ, ಸ್ವಂತ ಸಮಾಧಿಯೂ ಸಿಗಲಿಲ್ಲ. ಇನ್ನೊಬ್ಬ ರಾಣಿಯ ಸಮಾಧಿಯೊಳಗೆ ಇಟ್ಟರು. ಮೂರನೆಯವಳು ವೇ. ಕೆಳದರ್ಜೆಯಿಂದ ಮೇಲೇರಿದ ಇವಳ ಮಗನೇ ಮುಂದೆ ಜಿಯಾಚಿಂಗ್ ಚಕ್ರವರ್ತಿಯಾದ.

ಯಾನ್‌ಷಿ ವೇಯ ಪಕ್ಷ. ಅಕ್ಕನನ್ನು ಕೊಂದವರು ಯಾರೆಂದು ಪತ್ತೆಹಚ್ಚಲು ವೇ ಯಿಂಗ್‌ಲುವೊ ಅರಮನೆಯ ಕಸೂತಿ ಶಾಲೆಗೆ ದಾಸಿಯಾಗಿ ಸೇರುತ್ತಾಳೆ. ಹೊಡೆದರೆ ತಿರುಗಿ ಹೊಡೆಯುವ ಹುಡುಗಿ. ಒಂದು ಸಂಚು ಎರಡು ಮೂರು ಕಂತಿನಲ್ಲಿ ಕಟ್ಟಿ ಬಿಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಮುಂದಿನದು ತಯಾರು. ರಾತ್ರಿ ಒಂದು ಕಂತು ನೋಡಿ ಮಲಗೋಣವೆಂದರೆ ಸಾಧ್ಯವಿಲ್ಲ. ಯಿಂಗ್‌ಲುವೊ ಆಗಿರುವ ವು ಜಿನ್‌ಯಾನ್ ಕಣ್ಣಲ್ಲೇ ಲೆಕ್ಕ ಹಾಕುವುದನ್ನು ನೋಡುವುದು ಒಂದು ಖುಷಿ.

ರೂಯಿ ನಾರಾಳ ಪಕ್ಷ, ಈ ಧಾರಾವಾಹಿಯಲ್ಲಿ ಅವಳ ಹೆಸರೇ ರೂಯಿ. ಬಾಲ್ಯದಿಂದ ಪ್ರೀತಿಸಿದ ರಾಜಕುಮಾರ ಚಕ್ರವರ್ತಿಯಾಗುತ್ತಾನೆ, ಅವಳು ಅವನ ಹಲವು ಹೆಂಡಿರಲ್ಲಿ ಒಬ್ಬಳಾಗುತ್ತಾಳೆ. ಇಲ್ಲಿ ಎಲ್ಲವೂ ನಿಧಾನ. ಮೊದಲ ಕೆಲವು ಕಂತುಗಳು ಕಷ್ಟವೇ: ನಲವತ್ತು ದಾಟಿದ್ದ ಝೌ ಶುನ್ ಹದಿಹರೆಯದ ಹುಡುಗಿಯಾಗಿ ನಟಿಸುವುದು ಒಪ್ಪುವುದಿಲ್ಲ, ಅವರ ಒಡಕು ದನಿ ಆ ವಯಸ್ಸಿಗೆ ಹೊಂದುವುದೂ ಇಲ್ಲ. ಆದರೆ ತಡೆದು ನೋಡಿ. ಸುಳ್ಳು ಆರೋಪ ಹೊತ್ತು ತಣ್ಣನೆಯ ಅರಮನೆಗೆ, ಅಂದರೆ ತಿರಸ್ಕೃತ ರಾಣಿಯರನ್ನು ಕೂಡಿಹಾಕುವ ಜಾಗಕ್ಕೆ, ಅವಳು ಹೋಗುವ ಹೊತ್ತಿಗೆ ಅದೇ ದನಿ ಪಾತ್ರದ ಜೀವವಾಗಿಬಿಡುತ್ತದೆ.

ಎರಡರ ವ್ಯತ್ಯಾಸ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಫೂಚಾಳಲ್ಲಿ. ಆಕೆ ಮುತ್ತುರತ್ನ ತೊಡದೆ ಬೆಂಡಿನ ಮತ್ತು ರೇಷ್ಮೆನೂಲಿನ ಹೂ ಮುಡಿಯುತ್ತಿದ್ದಳು, ಚಕ್ರವರ್ತಿಗೆ ಜಿಂಕೆಯ ತುಪ್ಪಳದಿಂದ ಚೀಲ ಹೊಲಿದುಕೊಡುತ್ತಿದ್ದಳು ಎಂದು ಚಿಂಗ್ ಇತಿಹಾಸ ಹೇಳುತ್ತದೆ. ಈ ಸರಳತೆಯನ್ನು ಎರಡೂ ತಂಡಗಳು ಎತ್ತಿಕೊಂಡಿವೆ. ಯಾನ್‌ಷಿಯಲ್ಲಿ ಫೂಚಾಳ ಉಡುಪಿಗೆ ಬೇಕಾದ ನವಿಲುಗರಿಯ ದಾರ ಕಳುವಾದಾಗ ಯಿಂಗ್‌ಲುವೊ ಜಿಂಕೆ ಬಾಲದ ಕೂದಲಿನ ನೂಲಿನಿಂದ ಕಸೂತಿ ಮುಗಿಸುತ್ತಾಳೆ, ಅದೇ ಪೂರ್ವಜರ ಮಿತವ್ಯಯದ ಗುರುತೆಂದು ವಾದಿಸಿ ಪಾರಾಗುತ್ತಾಳೆ. ಅಲ್ಲಿಂದ ಒಡತಿ ಮತ್ತು ದಾಸಿಯ ನಡುವೆ ಬೆಳೆಯುವ ಅಕ್ಕರೆ ಇದೆಯಲ್ಲ, ಇಡೀ ಧಾರಾವಾಹಿಯ ನಿಜವಾದ ಪ್ರೇಮಕಥೆ ಅದೇ ಎಂದು ನನ್ನ ನಂಬಿಕೆ. ಫೂಚಾ ಅವಳಿಗೆ ಅಕ್ಷರ ತಿದ್ದಿಸುತ್ತಾಳೆ. ಚಿನ್ ಲಾನ್ ಆ ಪಾತ್ರವನ್ನು ಎಷ್ಟು ಮೃದುವಾಗಿ ಮಾಡಿದ್ದಾರೆಂದರೆ ಆಕೆ ಸಾಯುವ ಕಂತಿನ ನಂತರ ಕೆಲವು ದಿನ ಮುಂದೆ ನೋಡಲು ಮನಸ್ಸೇ ಬರಲಿಲ್ಲ.

ರೂಯಿಯಲ್ಲಿ ಡಾಂಗ್ ಜಿಯೆ ಮಾಡಿದ ಫೂಚಾ ಬೇರೆಯೇ ಹೆಂಗಸು. ಅವಳ ಮಿತವ್ಯಯ ಸವತಿಯರ ಮೇಲೆ ಹೇರುವ ಆಜ್ಞೆ. ಅವಳು ಪ್ರೀತಿಯಿಂದೆಂಬಂತೆ ಕೊಡುವ ಕೈಬಳೆಯೊಳಗೆ ಗರ್ಭ ನಿಲ್ಲದಂತೆ ಮಾಡುವ ಮದ್ದು ಅಡಗಿದೆ. ಆದರೂ ಅವಳನ್ನು ದ್ವೇಷಿಸಲಾಗುವುದಿಲ್ಲ, ಏಕೆಂದರೆ ಮನೆತನದ ಮಾನ, ಮಗನ ಪಟ್ಟ, ಗಂಡನ ಅನುಮಾನ ಇವುಗಳ ನಡುವೆ ಅವಳು ಒಂದು ದಿನವೂ ನೆಮ್ಮದಿಯಾಗಿರುವುದಿಲ್ಲ. ಬರವಣಿಗೆಯಲ್ಲಿ ರೂಯಿ ಗೆದ್ದಿರುವುದು ಇಲ್ಲೇ. ತಪ್ಪು ಮಾಡುವವರಿಗೂ ಅಲ್ಲಿ ಒಂದು ಕಾರಣವಿದೆ, ಆ ಕಾರಣ ಅರಮನೆಯ ವ್ಯವಸ್ಥೆಯಿಂದಲೇ ಹುಟ್ಟಿದೆ.

ಉಡುಗೆ ತೊಡುಗೆಯಲ್ಲಿ ನನ್ನ ಮತ ಯಾನ್‌ಷಿಗೆ. ಮಾಸಲು ನೀಲಿ, ಬೂದು, ತಿಳಿಗೆಂಪು ಬಣ್ಣಗಳು, ಒಂದೊಂದು ಕಿವಿಗೆ ಮೂರು ಓಲೆ, ನಾನ್‌ಜಿಂಗ್ ಕುಶಲಕರ್ಮಿಯ ಕೈಯಲ್ಲಿ ಅರಳಿದ ರೇಷ್ಮೆನೂಲಿನ ಹೂಗಳು. ಕಣ್ಣಿಗೆ ಹಬ್ಬ.

ಚಕ್ರವರ್ತಿಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಯಾನ್‌ಷಿಯ ನಿಯೆ ಯುವಾನ್ ಸಿಡುಕುತ್ತಾನೆ, ಮುನಿಸಿಕೊಳ್ಳುತ್ತಾನೆ, ಸೋಲುತ್ತಾನೆ, ನಗು ಬರುತ್ತದೆ. ಯಿಂಗ್‌ಲುವೊ ಜೊತೆ ಅವನ ಪ್ರೇಮ ಮಾತ್ರ ನನಗೆ ಕೊನೆಗೂ ಪೂರ್ತಿ ಹಿಡಿಸಲಿಲ್ಲ, ಏಕೆಂದರೆ ಅವಳು ಮೊದಲು ಪ್ರೀತಿಸಿದ, ಫೂಚಾಳ ತಮ್ಮ ಫೂಹೆಂಗ್‌ನನ್ನು ಮರೆಯಲು ಆ ಪಾತ್ರ ಮಾಡಿದ ಶೂ ಕಾಯ್ ಬಿಡುವುದಿಲ್ಲ. ರೂಯಿಯ ಹುವೊ ಜಿಯಾನ್‌ಹುವಾ ಮಾಡಿದ ಚಕ್ರವರ್ತಿ ವರ್ಷ ಕಳೆದಂತೆ ಯಾರನ್ನೂ ನಂಬಲಾಗದವನಾಗುತ್ತಾನೆ. ನೋಡಲು ಹಿತವಿಲ್ಲ, ಆದರೆ ನಿಜವೆನಿಸುತ್ತದೆ.

ಕೂದಲು ಕತ್ತರಿಸುವ ದೃಶ್ಯ ಎರಡರಲ್ಲೂ ಇದೆ. ಯಾನ್‌ಷಿಯಲ್ಲಿ ಅದು ಕೊನೆಯ ತಿರುವು. ಚಾರ್ಮೇನ್ ಶೇಹ್ ಮಾಡಿದ ನಾರಾ ಅಷ್ಟು ವರ್ಷ ನುಂಗಿಕೊಂಡ ಸಿಟ್ಟನ್ನೆಲ್ಲ ಒಮ್ಮೆಲೇ ಕಾರುತ್ತಾಳೆ. ಶಕ್ತಿಶಾಲಿ ಅಭಿನಯ. ಆದರೆ ಕಥೆ ಅವಳನ್ನು ಅಷ್ಟರಲ್ಲಿ ಖಳಳೆಂದು ತೀರ್ಮಾನಿಸಿಬಿಟ್ಟಿರುತ್ತದೆ, ಅವಳ ಅಳು ಸೋತವಳ ಅಳುವಾಗಿ ಕೇಳಿಸುತ್ತದೆ. ರೂಯಿಯಲ್ಲಿ ಅದೇ ಕತ್ತರಿಯ ಹಿಂದೆ ಎಂಬತ್ತು ಕಂತುಗಳ ಭಾರವಿದೆ. ಹಾಂಗ್‌ಝೌನಲ್ಲಿ ದೋಣಿಗೆ ವೇಶ್ಯೆಯರನ್ನು ಕರೆಸಿಕೊಂಡ ಗಂಡನಿಗೆ ಬುದ್ಧಿ ಹೇಳಲು ಹೋದವಳು ಅವನಿಂದ ಅವಮಾನವಾದ ಮೇಲೆ ಕೂದಲಿಗೆ ಕತ್ತರಿ ಹಾಕುತ್ತಾಳೆ. ತಾನು ಪ್ರೀತಿಸಿದ ಹುಡುಗ ಸತ್ತ, ಅವನಿಗಾಗಿ ಈ ಸೂತಕ ಎಂಬಂತೆ. ಇತಿಹಾಸದ ಒಂದು ಒಣ ದಾಖಲೆಯೊಳಗೆ ಹೊಕ್ಕು ಆ ಹೆಂಗಸು ಹೀಗೇಕೆ ಮಾಡಿರಬಹುದು ಎಂದು ಇಷ್ಟು ಗೌರವದಿಂದ ಕೇಳಿದ ಇನ್ನೊಂದು ಧಾರಾವಾಹಿ ನಾನು ನೋಡಿಲ್ಲ.

ದಿನದ ಕೆಲಸ ಮುಗಿಸಿ ಮನಸ್ಸಿಗೆ ಹುರುಪು ಬೇಕೆನ್ನುವವರು, ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವವರು ಯಾನ್‌ಷಿ ಹಿಡಿಯಿರಿ. ಮದುವೆಯೊಂದು ಒಳಗಿನಿಂದ ಸವೆಯುವುದನ್ನು ನೋಡುವ ತಾಳ್ಮೆ ಇದ್ದವರಿಗೆ ರೂಯಿ. ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಹಿಂದೆಮುಂದೆ ನೋಡದೆ ರೂಯಿ ಎನ್ನುತ್ತೇನೆ. ಎರಡನ್ನೂ ನೋಡುವವರು ಯಾನ್‌ಷಿಯನ್ನೇ ಮೊದಲು ಮುಗಿಸಿ. ರೂಯಿ ನೋಡಿದ ಮೇಲೆ ಯಾನ್‌ಷಿಗೆ ಹೋದರೆ ನಾರಾ ಸೋಲುವ ಪ್ರತಿ ಕಂತಿನಲ್ಲೂ ನೀವು ಅವಳ ಕಡೆಯೇ ನಿಲ್ಲುತ್ತೀರಿ, ಯಿಂಗ್‌ಲುವೊಳ ಗೆಲುವು ಸವಿಯಲಾಗುವುದಿಲ್ಲ.